ಮೊದಲ ಮೊಳೆಯೇ ಏಕೆ ಮುಳುಗುತ್ತಿತ್ತು?

ಪೀಣ್ಯದ ನಮ್ಮ ಶೆಡ್ಡಿಗೆ ಪ್ಯಾಲೆಟ್ (ಸರಕು ಪೇರಿಸುವ ಮರದ ಅಟ್ಟಣೆ) ಕೆಲಸಕ್ಕಾಗಿ ಸಿಎನ್ 55 ಕಾಯಿಲ್ ಗನ್, ಅಂದರೆ ಸುರುಳಿ ಸುತ್ತಿದ ಮೊಳೆಗಳನ್ನು ಗಾಳಿಯ ಒತ್ತಡದಿಂದ ಹೊಡೆಯುವ ಯಂತ್ರ, ತಂದ ಮೊದಲ ವರ್ಷ, ಮೊಳೆಯ ತಲೆ ಪೈನ್ ಹಲಗೆಯೊಳಕ್ಕೆ ನಾಲ್ಕೈದು ಮಿಲಿಮೀಟರ್ ಇಳಿದುಹೋಗುತ್ತಿತ್ತು. 18 ಮಿ.ಮೀ. ಹಲಗೆಯಲ್ಲಿ ತಲೆ ಅಷ್ಟು ಆಳಕ್ಕೆ ಹೋದರೆ ಅದರ ಹಿಡಿತಕ್ಕೆ ಉಳಿಯುವ ಮರ ಕಡಿಮೆ. ಫೋರ್ಕ್‌ಲಿಫ್ಟ್ ಎತ್ತುವಾಗ ಮೊಳೆ ಕೆಳಗಿನ ಪಟ್ಟಿಯಲ್ಲೇ ನಿಂತು ಹಲಗೆಯಷ್ಟೇ ಕಿತ್ತು ಬರುತ್ತದೆ. ಹಾಗೆ ಬಿಟ್ಟುಕೊಂಡ ನಲವತ್ತರಷ್ಟು ಪ್ಯಾಲೆಟ್‌ಗಳು ಒಂದೇ ಸಲಕ್ಕೆ ವಾಪಸಾದವು. ಲಾರಿ ಬಾಡಿಗೆ, ಕೂಲಿ ಎಲ್ಲ ಸೇರಿ ಸುಮಾರು 25 ಸಾವಿರ ರೂಪಾಯಿ ಕೈಬಿಟ್ಟಿತು.

ಗಾಳಿಯ ಒತ್ತಡ ಇಳಿಸಿ ಎಂಬುದು ಎಲ್ಲರ ಸಲಹೆ. 100 ಪಿಎಸ್‌ಐಯಿಂದ 75ಕ್ಕೆ ಇಳಿಸಿದೆ. ಗಂಟಿನ ಮೇಲೆ ಬಿದ್ದ ಮೊಳೆಗಳು ಅರ್ಧಕ್ಕೇ ನಿಂತವು. ಅವನ್ನು ಸುತ್ತಿಗೆಯಿಂದ ಕೂರಿಸಲೆಂದೇ ಒಬ್ಬ ಆಳನ್ನು ಇಡಬೇಕಾಯಿತು.

ಕೊನೆಗೊಂದು ಮಧ್ಯಾಹ್ನ ಒತ್ತಡವನ್ನು ಮತ್ತೆ 100ಕ್ಕೇ ಏರಿಸಿ, ಮೊಳೆ ಹೊಡೆದ ಕ್ರಮದಲ್ಲೇ ವರ್ನಿಯರ್ ಕ್ಯಾಲಿಪರ್‌ನ ಹಿಂಬದಿಯ ಕಡ್ಡಿಯನ್ನು ಇಳಿಬಿಟ್ಟು ಆಳ ಅಳೆಯುತ್ತ ಹೋದೆ. ಮುಳುಗಿದ್ದವು ಪ್ರತಿ ಸಾಲಿನ ಮೊದಲ ಒಂದೆರಡು ಮೊಳೆಗಳು ಮಾತ್ರ. ಆರನೆಯದರ ತಲೆ ಹಲಗೆಗೆ ಸಮನಾಗಿತ್ತು. ಗನ್ನಿನ ಬಾಲಕ್ಕೇ, ಅಂದರೆ ಗಾಳಿಯ ಪೈಪು ಸೇರುವಲ್ಲೇ, ಒತ್ತಡದ ಗೇಜ್ ಕೂರಿಸಿ ನೋಡಿದಾಗ, ಸುಮ್ಮನಿದ್ದಾಗ 100 ತೋರಿಸುತ್ತಿದ್ದ ಮುಳ್ಳು, ಟ್ರಿಗರ್ ಒತ್ತಿ ಹಿಡಿದು ಮೂತಿಯನ್ನು ಹಲಗೆಗೆ ಬಡಿಯುತ್ತ ಮೊಳೆ ಹೊಡೆದು ಸಾಗಿದಾಗ 70ರ ಆಸುಪಾಸಿಗೆ ಕುಸಿಯುತ್ತಿತ್ತು. 30 ಮೀಟರ್ ಉದ್ದದ, 8 ಮಿ.ಮೀ. ಒಳಅಳತೆಯ ಪೈಪು ಅಷ್ಟು ಬೇಗ ಗಾಳಿ ತಲುಪಿಸುತ್ತಿರಲಿಲ್ಲ.

ಕಂಪ್ರೆಸರ್ ಬಳಿಯಿದ್ದ, ಒತ್ತಡ ನಿಗದಿ ಮಾಡುವ ರೆಗ್ಯುಲೇಟರನ್ನು ಮೇಜಿನ ಪಕ್ಕಕ್ಕೆ ತಂದು, ಅದರ ಮುಂದೆ ಹಳೆಯ ಪುಟ್ಟ ಕಂಪ್ರೆಸರ್‌ನ 24 ಲೀಟರ್ ಟ್ಯಾಂಕನ್ನು ಸೇಫ್ಟಿ ವಾಲ್ವ್ ಸಮೇತ ಜೋಡಿಸಿ, ಅಲ್ಲಿಂದ ಗನ್ನಿಗೆ ದಪ್ಪನೆಯ ಗಿಡ್ಡ ಪೈಪು ಹಾಕಿದೆ. ಖರ್ಚು ನಾಲ್ಕು ಸಾವಿರದೊಳಗೆ. ‘ಗಾಳಿಗೂ ಗೋದಾಮು ಕಟ್ಟಿಸಿದಿರಾ ಸಾರ್?’ ಎಂದು ನಗುತ್ತಿದ್ದ ಮೇಸ್ತ್ರಿ, 80ಕ್ಕೆ ನಿಲ್ಲಿಸಿದ ಮುಳ್ಳು ನಾಲ್ಕೈದಕ್ಕಿಂತ ಹೆಚ್ಚು ಅಲುಗದ್ದನ್ನು ಕಂಡು ತಾನೇ ಎರಡನೆಯ ಮೇಜಿಗೂ ಅಂಥದ್ದೇ ಟ್ಯಾಂಕ್ ಕೇಳಿದ.

ಆದರೂ ಒಂದು ಗನ್ ಆಳಕ್ಕೇ ಹೊಡೆಯುತ್ತಿತ್ತು. ಬಿಚ್ಚಿದರೆ, ಸಿಲಿಂಡರ್ ತಳದಲ್ಲಿ ಪಿಸ್ಟನ್ ಬಂದು ತಾಗುವ ರಬ್ಬರ್ ಬಂಪರ್ ಸವೆದು ಬಿರುಕುಬಿಟ್ಟಿತ್ತು. ಪಿಸ್ಟನ್ ಅಷ್ಟು ಕೆಳಗಿಳಿದಂತೆ ಮೊಳೆ ತಳ್ಳುವ ಬ್ಲೇಡೂ ಮೂತಿಯಿಂದಾಚೆ ಚಾಚುತ್ತಿತ್ತು. 250 ರೂಪಾಯಿಯ ರಬ್ಬರಿಗಾಗಿ ಹತ್ತು ಸಾವಿರದ ಹೊಸ ಗನ್ ಕೊಳ್ಳಲು ಹೊರಟಿದ್ದೆ! ಇನ್ನು, ಮೆದು ಹಲಗೆಯಲ್ಲಿ ಮೊಳೆ ಮುಳುಗದಿರಲೆಂದು ಮೂತಿಗೆ ನಾನು ಕೂರಿಸಿದ ಪಟ್ಟಿ ಯಾವುದರದ್ದು, ಎಷ್ಟು ದಪ್ಪದ್ದು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದು, ಹಲಗೆಗೆ ಒತ್ತಿದಾಗ ಮಾತ್ರ ಗನ್ ಹೊಡೆಯುವಂತೆ ಮಾಡುವ ಸೇಫ್ಟಿ ಮೂತಿಯ ಚಲನೆಗೆ ಅಡ್ಡಬರಬಾರದು ಎಂದಷ್ಟೇ ಹೇಳಬಲ್ಲೆ.

ಇದರ ನಡುವೆ ಹಸಿ ಸಿಲ್ವರ್ ಓಕ್ ಮೇಲೂ ಪ್ರಯೋಗ ಮಾಡಿದೆ. ಅಂದು ಸಮನಾಗಿ ಕೂತಿದ್ದ ತಲೆಗಳು ಹಲಗೆ ಒಣಗಿ ಕುಗ್ಗಿದ ಮೇಲೆ ಒಂದು ಮಿಲಿಮೀಟರಿನಷ್ಟು ಮೇಲೆದ್ದವು. ಎಚ್‌ಟಿ (ಹೀಟ್ ಟ್ರೀಟ್‌ಮೆಂಟ್) ಮುದ್ರೆ ಬಿದ್ದ ಮರವೆಲ್ಲ ಒಣಗಿದ್ದೆಂದು ನಂಬಬಾರದು. ಆ ಮುದ್ರೆ ಕೀಟ ಸಾಯಲು ಮರದ ಒಳಭಾಗವನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದರ ಗುರುತು, ಅಷ್ಟೇ. ಆಮೇಲೆ ಹೋದ ಆರು ಸಾವಿರದಷ್ಟು ಪ್ಯಾಲೆಟ್‌ಗಳಲ್ಲಿ ವಾಪಸು ಬಂದದ್ದು ಮೂರು. ಅವುಗಳಲ್ಲಿ ಎರಡು ಈ ಹಸಿ ಮರದವೇ.