ನಮ್ಮ ಪಾಲನ್ನು ಹೊಂದಿಸಿದ ಬಗೆ: ಸಮುದಾಯ ಕೈತೋಟಕ್ಕೆ ಬಜೆಟ್ ಬರೆದ ನನ್ನ ಅನುಭವ

ಒಂದು ಖಾಲಿ ಜಾಗದಲ್ಲಿ ನೆರೆಹೊರೆಯವರೆಲ್ಲ ಸೇರಿ ಕೈತೋಟ ಮಾಡೋಣ, ಅದಕ್ಕೆ ಅನುದಾನ ಕೇಳೋಣ ಎಂದು ಹೊರಟೆವು. ಮೊದಲ ಸಭೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಜಾಸ್ತಿ ಅಂದ್ರೆ ಎಷ್ಟು ಕೊಡ್ತಾರೆ?’ ನಾವೂ ಅಲ್ಲಿಂದಲೇ ಶುರು ಮಾಡಿದೆವು. ಅನುದಾನದ ಗರಿಷ್ಠ ಮೊತ್ತವನ್ನು ಹಾಳೆಯ ಮೇಲ್ಗಡೆ ಬರೆದು, ಅದಕ್ಕೆ ಹೊಂದುವ ಹಾಗೆ ಖರ್ಚುಗಳನ್ನು ಕೆಳಗೆ ತುಂಬಿದೆವು. ಆ ಹಾಳೆ ಒಂದು ವಾರವೂ ಉಳಿಯಲಿಲ್ಲ. ‘ಮಣ್ಣಿಗೆ ಯಾಕೆ ಇಷ್ಟು?’ ಎಂದು ಒಬ್ಬರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಟೇಪು ಹಿಡಿದು ಆ ಖಾಲಿ ಜಾಗಕ್ಕೆ ಹೋದೆವು. ನಿಜವಾದ ಬಜೆಟ್ ಹುಟ್ಟಿದ್ದು ಅವತ್ತು.

ನಮಗೆ ಬೇಕಾಗಿದ್ದು 12 ಏರುಮಡಿಗಳು, ಅಂದರೆ ಸುತ್ತ ಮರದ ಚೌಕಟ್ಟು ಕಟ್ಟಿ ಮಣ್ಣು ತುಂಬುವ ಎತ್ತರದ ಪಾತಿಗಳು. ಒಂದೊಂದೂ 2.4 ಮೀಟರ್ ಉದ್ದ, 1.2 ಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ಅಗಲ 1.2 ಮೀಟರ್ ದಾಟಿದರೆ ಎರಡೂ ಬದಿಯಿಂದ ಕೈ ಚಾಚಿದರೂ ನಡುವಿನ ಕಳೆ ಸಿಗುವುದಿಲ್ಲ. ಒಂದು ಮಡಿಗೆ 0.86 ಘನ ಮೀಟರ್ ಮಣ್ಣು, 12ಕ್ಕೆ ಸುಮಾರು 10.4. ಮಣ್ಣು ನೀರು ಕುಡಿದು ಕುಸಿಯುತ್ತದೆ, ಹಾಗಾಗಿ ಶೇ. 20 ಸೇರಿಸಿ 12.5 ಘನ ಮೀಟರ್ ಎಂದು ಬರೆದೆವು. ಈಗ ಯಾರು ಕೇಳಿದರೂ ಉತ್ತರ ಹಾಳೆಯಲ್ಲೇ ಇತ್ತು. ಈ ಅಳತೆ ಕೊಟ್ಟು ಮೂರು ಕಡೆ ಕೊಟೇಶನ್ ಕೇಳಿದಾಗ ವ್ಯಾಪಾರಿಗಳೂ ಸರಿಯಾದ ಬೆಲೆ ಹೇಳಿದರು. ‘ಒಂದಿಷ್ಟು ಮಣ್ಣು ಬೇಕು’ ಅಂದಿದ್ದರೆ ಅವರೂ ಸುಮ್ನೆ ಒಂದು ಅಂದಾಜು ಹೇಳುತ್ತಿದ್ದರು, ಅಲ್ವಾ? ಸಾಗಣೆ ಮತ್ತು ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ನಮಗೆ ಬಂದ ಮೂರರಲ್ಲಿ ಎರಡರಲ್ಲಿ ಸಾಗಣೆ ಸೇರಿರಲಿಲ್ಲ.

ಇನ್ನು ನಮ್ಮ ಪಾಲು. ನಾವು ಕೇಳಿದ್ದು ಮ್ಯಾಚಿಂಗ್ ಗ್ರಾಂಟ್, ಅಂದರೆ ಅವರು ಕೊಡುವ ಹಣಕ್ಕೆ ಎದುರಾಗಿ ನಾವೂ ಒಂದು ಪಾಲು ಹಾಕಬೇಕು. ಇದನ್ನು ಕೇಳಿದ ಕೂಡಲೇ ಅರ್ಧ ಜನ ಸುಮ್ಮನಾದರು. ‘ನಮ್ಮ ಹತ್ತಿರ ಅಷ್ಟು ದುಡ್ಡು ಎಲ್ಲಿದೆ?’ ಎಂದರು ಹಿರಿಯರೊಬ್ಬರು. ಅವರಿಗೆ ನಾನು ಅಮೆರಿಕದ ಸಿಯಾಟಲ್ ನಗರದ ಉದಾಹರಣೆ ಹೇಳಿದೆ. ನೆರೆಹೊರೆಯವರು ಸೇರಿ ಮಾಡುವ ಕೆಲಸಗಳಿಗೆಂದೇ ಆ ನಗರ 1988ರಲ್ಲಿ ಒಂದು ಮ್ಯಾಚಿಂಗ್ ನಿಧಿ ಹುಟ್ಟುಹಾಕಿತು. ಅಲ್ಲಿ ಜನ ದುಡಿದ ಗಂಟೆಗಳು, ದಾನವಾಗಿ ಬಂದ ಸಾಮಾನು, ಪರಿಣಿತರು ಉಚಿತವಾಗಿ ಮಾಡಿಕೊಟ್ಟ ಕೆಲಸ, ಎಲ್ಲವೂ ಪಾಲಿನ ಲೆಕ್ಕಕ್ಕೆ ಬರುತ್ತವೆ. ನಮ್ಮ ಅನುದಾನದ ನಿಯಮವೂ ಹೀಗೇ ಇತ್ತು. ಆದರೆ ಎಲ್ಲ ಕಡೆ ಹೀಗೆ ಇರುವುದಿಲ್ಲ. ಕೆಲವರು ಪಾಲಿನಲ್ಲಿ ಇಂತಿಷ್ಟು ನಗದೇ ಇರಬೇಕು ಎನ್ನುತ್ತಾರೆ. ನಿಯಮದ ಆ ಪುಟವನ್ನು ಎರಡು ಸಲ ಓದಿ.

ಓದುವಾಗ ಶೇಕಡಾವಾರು ಯಾವುದರ ಮೇಲೆ ಎಂಬುದನ್ನೂ ಗಮನಿಸಿ. ‘ಪಾಲು ಶೇ. 20’ ಎಂದಷ್ಟೇ ಇದ್ದರೆ ಎರಡು ಅರ್ಥ ಬರುತ್ತದೆ. ಒಟ್ಟು ಯೋಜನೆಯ ಶೇ. 20 ಆದರೆ, 80 ಭಾಗ ಅನುದಾನಕ್ಕೆ ನಿಮ್ಮ ಪಾಲು 20. ಅನುದಾನದ ಶೇ. 20 ಆದರೆ, ಅದೇ 80ಕ್ಕೆ ನಿಮ್ಮ ಪಾಲು 16. ನಮ್ಮದು ಸಮಸಮ ಪಾಲು, ಆದ್ದರಿಂದ ಈ ಗೊಂದಲ ಇರಲಿಲ್ಲ. ಒಟ್ಟು 100 ಭಾಗದಲ್ಲಿ 50 ನಮ್ಮದು. ಅದರಲ್ಲಿ ನಗದು 8, ಸಾಮಾನು 14, ನಕ್ಷೆ ಬಿಡಿಸಿಕೊಟ್ಟವರ ಕೆಲಸ 6, ಉಳಿದ 22 ಭಾಗ ಪೂರ್ತಿ ಶ್ರಮದಾನ.

ಈ 22 ಭಾಗವೇ ನನ್ನ ನಿದ್ದೆ ಕೆಡಿಸಿದ್ದು. ಗಂಟೆಗಳನ್ನು ಗಾಳಿಯಲ್ಲಿ ಹೇಳುವ ಹಾಗಿಲ್ಲ. ಮಣ್ಣನ್ನೇ ತೆಗೆದುಕೊಳ್ಳಿ. ನಮ್ಮ ಕೈಗಾಡಿಯಲ್ಲಿ ಒಮ್ಮೆಗೆ 80 ಲೀಟರ್ ಹಿಡಿಯುತ್ತದೆ. 12.5 ಘನ ಮೀಟರ್ ಅಂದರೆ ಸುಮಾರು 155 ಸುತ್ತು. ಒಂದು ಸುತ್ತಿಗೆ 6 ನಿಮಿಷ ಹಿಡಿದರೆ ಹದಿನೈದೂವರೆ ಗಂಟೆ. ತುಂಬಲು ಒಬ್ಬರು, ತಳ್ಳಲು ಒಬ್ಬರು, ಅಲ್ಲಿಗೆ 31 ಗಂಟೆ. ಮರ ಕೊಯ್ಯುವುದು, ಮಡಿ ಜೋಡಿಸುವುದು, ದಾರಿ ಸಮ ಮಾಡುವುದು, ಹೀಗೆ ಒಂದೊಂದನ್ನೂ ಬಿಡಿಸಿ ಬರೆದೆವು. ಆಮೇಲೆ ಮನೆಮನೆಗೆ ಹೋಗಿ ‘ನೀವು ಎಷ್ಟು ಗಂಟೆ ಬರ್ತೀರಿ?’ ಎಂದು ಕೇಳಿ ಸಹಿ ಹಾಕಿಸಿಕೊಂಡೆವು. 420 ಗಂಟೆಯ ಮಾತು ಸಿಕ್ಕಿತು. ಅರ್ಜಿಯಲ್ಲಿ ನಾನು ಬರೆದದ್ದು ಅದರ ಮೂರನೇ ಎರಡು ಭಾಗ, 280 ಮಾತ್ರ. ಜನ ಸುಳ್ಳು ಹೇಳುತ್ತಾರೆ ಅಂತಲ್ಲ. ಮಗುವಿಗೆ ಜ್ವರ ಬರುತ್ತದೆ, ಮಳೆ ಬರುತ್ತದೆ, ಕೆಲಸದ ಪಾಳಿ ಬದಲಾಗುತ್ತದೆ. ಪಾಲು ಕಡಿಮೆ ಬಿದ್ದರೆ ಅನುದಾನವೂ ಅಷ್ಟೇ ಕಡಿತವಾಗುತ್ತದೆ ಎಂದು ನಿಯಮದಲ್ಲಿತ್ತು.

ಗಂಟೆಯ ಬೆಲೆ ಸಾಮಾನ್ಯವಾಗಿ ಅನುದಾನ ಕೊಡುವವರೇ ನಿಗದಿ ಮಾಡಿರುತ್ತಾರೆ. ಪರಿಣಿತರ ದರ ಅವರ ವೃತ್ತಿಯ ಕೆಲಸಕ್ಕೆ ಮಾತ್ರ. ನಮ್ಮ ಗುಂಪಿನ ಎಂಜಿನಿಯರ್ ನಕ್ಷೆ ಬರೆದಾಗ ಒಂದು ದರ, ಅವರೇ ಮಣ್ಣು ಹೊತ್ತಾಗ ಎಲ್ಲರ ಹಾಗೆ ಸಾಮಾನ್ಯ ದರ. ದಾನವಾಗಿ ಬಂದ ಸಾಮಾನಿಗೆ ಕೊಟ್ಟವರಿಂದ ಪತ್ರ ಬೇಕು. ಏನು, ಎಷ್ಟು, ಮಾರುಕಟ್ಟೆ ಬೆಲೆ ಎಷ್ಟು ಎಂಬುದು ಅದರಲ್ಲಿರಬೇಕು. ಹಳೆಯ ಮರಕ್ಕೆ ಹೊಸದರ ಬೆಲೆ ಹಾಕಬೇಡಿ. ಪರಿಶೀಲಿಸುವವರಿಗೆ ಅಲ್ಲೇ ಅನುಮಾನ ಹುಟ್ಟುತ್ತದೆ.

ಒಂದು ತಪ್ಪು ಆಯಿತು. ಮಂಜೂರಾತಿ ಸುದ್ದಿ ಬಂದ ಖುಷಿಗೆ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಎರಡು ದಿನ ಜಾಗ ಸ್ವಚ್ಛ ಮಾಡಿಬಿಟ್ಟೆವು. 46 ಗಂಟೆ. ಸಹಿಗೆ ಮುಂಚಿನ ಕೆಲಸ ಪಾಲಿಗೆ ಸೇರುವುದಿಲ್ಲ ಎಂದು ಕಚೇರಿಯವರು ಹೇಳಿದಾಗ ಬಂದವರ ಮುಖ ನೋಡಲಾಗಲಿಲ್ಲ. ನಿಯಮ ಅವರದ್ದೇ ಸರಿ, ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸಹಿಯಾದ ಮೇಲಿನ ಲೆಕ್ಕ ಕೊನೆಗೆ 301 ಗಂಟೆ ಬಂತು. 420 ಎಂದು ಬರೆದಿದ್ದರೆ ನಾವು ಸಿಕ್ಕಿಬೀಳುತ್ತಿದ್ದೆವು. ಹಾಜರಿ ಪುಸ್ತಕ ಗೇಟಿನ ಹತ್ತಿರವೇ ಇರಲಿ. ಹೆಸರು, ದಿನ, ಬಂದ ಸಮಯ, ಹೋದ ಸಮಯ, ಮಾಡಿದ ಕೆಲಸ, ಸಹಿ. ಮನೆಗೆ ಹೋದ ಮೇಲೆ ನೆನಪು ಮಾಡಿಕೊಂಡು ಬರೆದರೆ ಅದು ಲೆಕ್ಕ ಅನ್ನಿಸಿಕೊಳ್ಳುವುದಿಲ್ಲ.

ಹಣ ಯಾವಾಗ ಕೈಗೆ ಬರುತ್ತದೆ ಎಂಬುದನ್ನು ಎಷ್ಟೋ ಗುಂಪುಗಳು ಕೇಳುವುದೇ ಇಲ್ಲ. ನಮ್ಮದು ಮೊದಲು ಖರ್ಚು ಮಾಡಿ, ರಸೀದಿ ಕೊಟ್ಟು, ಆಮೇಲೆ ಹಣ ಪಡೆಯುವ ಪದ್ಧತಿ. ಅದಕ್ಕೆ ತಿಂಗಳುವಾರು ಇನ್ನೊಂದು ಹಾಳೆ ಮಾಡಿದೆ. ಎಡಕ್ಕೆ ಹೋಗುವ ಹಣ, ಬಲಕ್ಕೆ ಬರುವ ಹಣ. ಎರಡನೇ ತಿಂಗಳು ಕೈ ಪೂರ್ತಿ ಖಾಲಿಯಾಗುವುದು ಅಲ್ಲಿ ಕಾಣಿಸಿತು. ಆದ್ದರಿಂದ ಮೊದಲು 4 ಮಡಿ ಮುಗಿಸಿ, ಬಿಲ್ಲು ಕೊಟ್ಟು, ಆ ಹಣ ಬಂದ ಮೇಲೆ ಮುಂದಿನ 4 ಎಂದು ಹಂತ ಮಾಡಿದೆವು. ತುರ್ತು ಖರ್ಚಿಗೆ ಅಂತ ಬೇರೆ ಸಾಲು ಬರೆಯಲು ಅವಕಾಶ ಇರಲಿಲ್ಲ. ಅದಕ್ಕಾಗಿ ಕೊನೆಯ 3 ಮಡಿಗಳನ್ನು ‘ಬೆಲೆ ಏರಿದರೆ ಬಿಡುವವು’ ಎಂದು ನಮ್ಮೊಳಗೇ ಗುರುತಿಸಿಕೊಂಡಿದ್ದೆವು. ಬಿಡುವ ಪ್ರಸಂಗ ಬರಲಿಲ್ಲ.

ಬಜೆಟ್ಟನ್ನು ಒಂದು ಸಲ ಪೂರ್ತಿ ಬದಲಾಯಿಸಿದವರು ಗಾಲಿಕುರ್ಚಿಯಲ್ಲಿ ಓಡಾಡುವ ನಮ್ಮ ಪಕ್ಕದ ಮನೆಯ ಅಜ್ಜಿ. ದಾರಿಗೆ ಮರದ ಚೂರು ಹಾಕುವ ಯೋಜನೆ ಇತ್ತು, ಅದು ಅಗ್ಗ. ‘ಅದರಲ್ಲಿ ನನ್ನ ಗಾಲಿ ಹೂತುಹೋಗುತ್ತಪ್ಪ’ ಎಂದರು. ಗಟ್ಟಿಯಾಗಿ ಒತ್ತಿದ ಕಲ್ಲುಪುಡಿಗೆ ಬದಲಾಯಿಸಿದೆವು, ಎರಡು ಮಡಿಗಳನ್ನು ಕುಳಿತೇ ಕೈಗೆ ಎಟುಕುವಷ್ಟು ಎತ್ತರಿಸಿದೆವು. ಮಣ್ಣಿನ ಲೆಕ್ಕವೂ ಕೊಟೇಶನ್ನೂ ಮತ್ತೆ ಹೊಸದಾಗಿ ಆದವು. ಅವರು ಅರ್ಜಿ ಹಾಕುವ ಮೊದಲೇ ಸಭೆಗೆ ಬಂದದ್ದು ನಮ್ಮ ಪುಣ್ಯ. ಮಂಜೂರಾದ ಮೇಲೆ ಆಗಿದ್ದರೆ ಪ್ರತಿ ಬದಲಾವಣೆಗೂ ಲಿಖಿತ ಒಪ್ಪಿಗೆ ಬೇಕಾಗುತ್ತಿತ್ತು.

ಅರ್ಜಿಯ ಕೊನೆಯ ಪ್ರಶ್ನೆ ನಿರ್ವಹಣೆಯದ್ದು: ಅನುದಾನ ಮುಗಿದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ‘ಎಲ್ಲರೂ ಸೇರಿ’ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ. ವಾರಕ್ಕೆ 25 ಮಿಲಿಮೀಟರ್ ನೀರು ಬೇಕೆಂದರೆ ಪ್ರತಿ ಚದರ ಮೀಟರಿಗೆ 25 ಲೀಟರ್. ನಮ್ಮ 12 ಮಡಿಗಳ ವಿಸ್ತೀರ್ಣ 34.5 ಚದರ ಮೀಟರ್, ಅಂದರೆ ಮಳೆಯಿಲ್ಲದ ವಾರಕ್ಕೆ ಸುಮಾರು 860 ಲೀಟರ್. 10 ಲೀಟರಿನ ಕೊಡದಲ್ಲಿ 86 ಸಲ. ಇದನ್ನು ಸಭೆಯಲ್ಲಿ ಓದಿದಾಗ ನಲ್ಲಿ ಮತ್ತು ಪೈಪಿನ ಸಾಲು ತಾನಾಗಿ ಬಜೆಟ್‌ಗೆ ಸೇರಿತು. ಜೊತೆಗೆ 7 ಮನೆಗಳು ವಾರದ ಒಂದೊಂದು ದಿನ ತಮ್ಮದೆಂದು ಹೆಸರು ಬರೆಸಿದವು. ಆ ಪಟ್ಟಿ ಈಗಲೂ ಗೇಟಿನ ಮೇಲೆ ಇದೆ. ಭಾನುವಾರ ನಮ್ಮ ಮನೆಯದು.