ಸುತ್ತೋಲೆಯನ್ನು ಮಳೆನಾಡಿಗೆ ಹೊಂದಿಸಿದ್ದು: ಕೊಡಗಿನ ಕಾಲೇಜೊಂದರ ಕೋವಿಡ್ ನೋಡಲ್ ಅಧಿಕಾರಿಯಾಗಿ ನನ್ನ ಅನುಭವ

ಕೋವಿಡ್ ಕಾಲದಲ್ಲಿ ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಪಾಠದ ಜೊತೆಗೆ ನೋಡಲ್ ಅಧಿಕಾರಿಯ ಹೊಣೆಯೂ ನನ್ನ ಪಾಲಿಗೆ ಬಂದಿತ್ತು. ಮೇಲಿನಿಂದ ಬರುವ ಸೂಚನೆಗಳನ್ನು ವಿದ್ಯಾರ್ಥಿಗಳೂ ಸಿಬ್ಬಂದಿಯೂ ಪಾಲಿಸಲು ಸಾಧ್ಯವಾಗುವ ರೂಪಕ್ಕೆ ತಂದು ತಲುಪಿಸುವುದು ಆ ಹೊಣೆಯ ಮುಖ್ಯ ಭಾಗ. ಆಗ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದ್ದವು. ಚಿಕ್ಕ ಅಳುವಾರದಲ್ಲಿ ಕೊಡಗಿಗೇ ಒಂದು ವಿಶ್ವವಿದ್ಯಾಲಯ ಆರಂಭವಾದದ್ದು ಆಮೇಲೆ, 2023ರಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಉನ್ನತ ಶಿಕ್ಷಣ ಇಲಾಖೆ, ವಿಶ್ವವಿದ್ಯಾನಿಲಯ, ಆರೋಗ್ಯ ಇಲಾಖೆ, ಜಿಲ್ಲಾಡಳಿತ ಹೀಗೆ ಐದು ಕಡೆಯಿಂದ ಕಾಗದಗಳು ಬರುತ್ತಿದ್ದವು. ಒಂದು ಕಾಗದ ಇನ್ನೊಂದನ್ನು ತಿದ್ದುತ್ತಿತ್ತು, ಕೆಲವೊಮ್ಮೆ ಇವೆರಡರಲ್ಲಿ ಯಾವುದು ಈಚಿನದು ಎಂಬುದೇ ತಿಳಿಯುತ್ತಿರಲಿಲ್ಲ.

ಸುತ್ತೋಲೆಯ ಪಿಡಿಎಫ್ ಅನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತು ಎಂಬ ಭಾವನೆ ಹಲವು ಕಡೆ ಇತ್ತು. ಹಾಗೆ ಹಾಕಿದ ಮರುಗಳಿಗೆಯಿಂದಲೇ ಫೋನ್ ಕರೆಗಳು ಆರಂಭವಾಗುತ್ತಿದ್ದವು, ಮತ್ತು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಮೂರೇ: ನಾನು ಕಾಲೇಜಿಗೆ ಬರಬೇಕೆ, ಬರದಿದ್ದರೆ ಹಾಜರಾತಿಯೋ ಅಂಕವೋ ಹೋಗುತ್ತದೆಯೇ, ತೊಂದರೆಯಾದರೆ ಯಾರನ್ನು ಕೇಳಬೇಕು. ಆದ್ದರಿಂದ ಪ್ರತಿಯೊಂದು ಸುತ್ತೋಲೆಯನ್ನೂ ಈ ಮೂರು ಪ್ರಶ್ನೆಗಳಿಗೆ ಉತ್ತರವಾಗಿ ಒಂದು ಪುಟದ ಕನ್ನಡದಲ್ಲಿ ಬರೆಯುವ ಪದ್ಧತಿಯನ್ನು ಇಟ್ಟುಕೊಂಡೆ. ಪುಟದ ತಲೆಯಲ್ಲಿ ದಿನಾಂಕ, ಅದರ ಕೆಳಗೆ ‘ಇದಕ್ಕಿಂತ ಹಿಂದಿನ ಸೂಚನೆ ರದ್ದಾಗಿದೆ’ ಅಥವಾ ‘ಹಿಂದಿನದೂ ಜಾರಿಯಲ್ಲಿದೆ’ ಎಂಬ ಸಾಲು, ಕೊನೆಯಲ್ಲಿ ವಿಭಾಗವಾರು ಒಬ್ಬ ಅಧ್ಯಾಪಕರ ಹೆಸರು. ಆ ಎರಡನೆಯ ಸಾಲು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ಹಳೆಯ ಸಂದೇಶಗಳು ತಿಂಗಳುಗಟ್ಟಲೆ ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇರುತ್ತಿದ್ದವು.

ಹಾಜರಾತಿಯ ಭಯವನ್ನು ಮೊದಲು ನಿವಾರಿಸಬೇಕಿತ್ತು. 2020ರ ಮಾರ್ಚ್ 14ರಿಂದ ರಾಜ್ಯದ ಕಾಲೇಜುಗಳು ಮುಚ್ಚಿದ್ದವು, 19ರಂದು ನಮ್ಮ ಜಿಲ್ಲೆಯ ಮೊದಲ ಪ್ರಕರಣ ವರದಿಯಾಯಿತು, 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಹಾಸ್ಟೆಲಿನ ಮಕ್ಕಳು ಒಂದು ವಾರದ ರಜೆ ಎಂದುಕೊಂಡು ಪುಸ್ತಕಗಳನ್ನು ಕೊಠಡಿಯಲ್ಲೇ ಬಿಟ್ಟು ಊರಿಗೆ ಹೋಗಿದ್ದರು. ಏಪ್ರಿಲ್ 29ರ ಯುಜಿಸಿ ಮಾರ್ಗಸೂಚಿಯಲ್ಲಿ ಲಾಕ್‌ಡೌನ್ ಅವಧಿಯನ್ನು ಹಾಜರಾತಿ ಇದ್ದಂತೆಯೇ ಪರಿಗಣಿಸಬಹುದೆಂಬ ಮಾತಿತ್ತು. ಪ್ರತಿ ವಿಶ್ವವಿದ್ಯಾಲಯವೂ ಒಂದು ಕೋವಿಡ್ ಘಟಕವನ್ನು ತೆರೆಯಬೇಕು, ಎಂ.ಫಿಲ್. ಮತ್ತು ಪಿಎಚ್.ಡಿ.ಯವರಿಗೆ ಆರು ತಿಂಗಳ ಹೆಚ್ಚುವರಿ ಕಾಲಾವಕಾಶ ಕೊಡಬೇಕು ಎಂಬುದೂ ಅದರಲ್ಲಿತ್ತು. ಹಾಜರಾತಿಯ ಆ ಒಂದು ವಾಕ್ಯವನ್ನು ಪ್ರತ್ಯೇಕ ಪುಟವಾಗಿಯೇ ಕಳುಹಿಸಿದೆ. ನೆಟ್‌ವರ್ಕ್‌ಗಾಗಿ ಮನೆಯ ಹಿಂದಿನ ಗುಡ್ಡ ಹತ್ತಿ, ಜಿಗಣೆಗಳ ನಡುವೆ ಕೊಡೆ ಹಿಡಿದು ನಿಂತು ಗೂಗಲ್ ಮೀಟ್ ತರಗತಿ ಕೇಳುತ್ತಿದ್ದ ಮಕ್ಕಳಿಗೆ ‘ಇವತ್ತು ಸಿಗ್ನಲ್ ಸಿಗಲಿಲ್ಲ, ಹಾಜರಾತಿ ಹೋಯಿತು’ ಎಂಬ ಆತಂಕ ಇರಬಾರದಿತ್ತು.

ಆನ್‌ಲೈನ್ ತರಗತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸಹೋದ್ಯೋಗಿಗಳಿಗಿಂತ ಸ್ವಲ್ಪ ಭಿನ್ನವಾಗಿತ್ತು. ನೇರ ತರಗತಿಗೆ ಎಷ್ಟು ಮಂದಿ ಸೇರಿದರೆಂದು ಎಣಿಸುವುದು ಮಡಿಕೇರಿ, ಕುಶಾಲನಗರದ ಪೇಟೆಯ ಮಕ್ಕಳನ್ನು ಮಾತ್ರ ಎಣಿಸಿದಂತೆ. ಭಾಗಮಂಡಲದ ಆಚೆಯವರೂ ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳಿಂದ ಬರುವವರೂ ಆ ಲೆಕ್ಕದಲ್ಲಿ ಕಾಣುತ್ತಲೇ ಇರಲಿಲ್ಲ; ಲೈನ್‌ಮನೆಗಳಲ್ಲಿ ಇಡೀ ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದೂ ದುಡಿಯುವವರ ಜೇಬಿನಲ್ಲಿ. ಹಾಗಾಗಿ ಪಾಠವನ್ನು ಕಡಿಮೆ ಗಾತ್ರದ ಧ್ವನಿಮುದ್ರಣವಾಗಿ ಮಾಡಿ ಟಿಪ್ಪಣಿಯೊಂದಿಗೆ ಕಳುಹಿಸುವುದು, ರಾತ್ರಿ ಫೋನ್ ಸಿಕ್ಕಾಗ ಅದನ್ನು ಇಳಿಸಿಕೊಳ್ಳುವುದು ಎಂಬ ಕ್ರಮವನ್ನು ಒಪ್ಪಿಸಿದೆವು. ಯಾವ ವಿದ್ಯಾರ್ಥಿಗೆ ಏನು ತಲುಪುತ್ತದೆ ಎಂಬ ಪಟ್ಟಿ ಮಾಡುವ ಕೆಲಸ ಮಾತ್ರ ಬೇಸರದ್ದು, ಆದರೆ ಆ ಪಟ್ಟಿ ಇಲ್ಲದೆ ಮುಂದಿನ ಯಾವ ಸೂಚನೆಯೂ ಸರಿಯಾಗಿ ತಲುಪುತ್ತಿರಲಿಲ್ಲ.

ಜುಲೈನಲ್ಲಿ ಮಧ್ಯದ ಸೆಮಿಸ್ಟರ್‌ಗಳಿಗೆ ಪರೀಕ್ಷೆ ಇಲ್ಲ, ಅರ್ಧ ಅಂಕ ಆಂತರಿಕ ಮೌಲ್ಯಮಾಪನದಿಂದ, ಅರ್ಧ ಹಿಂದಿನ ಸೆಮಿಸ್ಟರ್‌ನಿಂದ ಎಂದು ಸರ್ಕಾರ ಪ್ರಕಟಿಸಿತು. ಅಂತಿಮ ಸೆಮಿಸ್ಟರ್‌ನವರ ಪರಿಸ್ಥಿತಿ ಬೇರೆ. ಸೆಪ್ಟೆಂಬರ್ ಕೊನೆಯೊಳಗೆ ಅವರ ಪರೀಕ್ಷೆ ಮುಗಿಸಬೇಕೆಂದು ಯುಜಿಸಿ ಜುಲೈ 6ರಂದು ತಿಳಿಸಿತ್ತು. ಪರೀಕ್ಷೆಯಿಲ್ಲದೆ ಅವರನ್ನು ತೇರ್ಗಡೆ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಆಗಸ್ಟ್ 28ರಂದು ಹೇಳಿತು. ಈ ಎರಡು ದಿನಾಂಕಗಳ ನಡುವೆಯೇ ಕೊಡವರ ಕಕ್ಕಡ ತಿಂಗಳ ಮಳೆ ಸುರಿದು, ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಕರೆಂಟ್ ಇಲ್ಲದ, ಟವರ್‌ಗಳು ಸತ್ತ ಆ ದಿನಗಳಲ್ಲಿ ವಾಟ್ಸ್‌ಆ್ಯಪ್ ನಂಬಿ ಕೂರುವಂತಿರಲಿಲ್ಲ. ಪ್ರತಿ ಊರಿನ ಒಬ್ಬ ವಿದ್ಯಾರ್ಥಿಯನ್ನು ಗುರುತಿಸಿ, ಸಿಗ್ನಲ್ ಬಂದಾಗ ಅವರಿಗೆ ಎಸ್‌ಎಂಎಸ್ ಮಾಡಿ, ಅವರು ಅಕ್ಕಪಕ್ಕದ ಮನೆಗಳಿಗೆ ಬಾಯಿಮಾತಿನಲ್ಲಿ ಹೇಳುವಂತೆ ಏರ್ಪಾಡು ಮಾಡಿದೆವು. ಜುಲೈ 6ರ ಸೂಚನೆಯಲ್ಲಿ ಪತ್ರಿಕೆಗಳು ಅಷ್ಟಾಗಿ ಗಮನಿಸದ ಇನ್ನೊಂದು ಅಂಶವಿತ್ತು: ಯಾವುದೇ ಕಾರಣದಿಂದ ಪರೀಕ್ಷೆಗೆ ಬರಲಾಗದವರಿಗೆ ವಿಶೇಷ ಪರೀಕ್ಷೆಯ ಅವಕಾಶ. ಮಗಳನ್ನು ಕಳುಹಿಸಲು ಹೆದರುತ್ತಿದ್ದ ಪೋಷಕರಿಗೆ ಇದನ್ನು ಓದಿ ಹೇಳಿದರೆ, ಅವರಲ್ಲಿ ಹೆಚ್ಚಿನವರು ಸಮಾಧಾನಗೊಂಡು ಕಳುಹಿಸಿಯೇ ಕೊಡುತ್ತಿದ್ದರು.

ನವೆಂಬರ್ 17ರಂದು ಕಾಲೇಜುಗಳು ಮರಳಿ ತೆರೆದಾಗ ಪೋಷಕರ ಒಪ್ಪಿಗೆ ಪತ್ರವೂ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯೂ ಬೇಕಾಗಿದ್ದವು. ಬರಲು ಇಷ್ಟವಿಲ್ಲದವರು ಆನ್‌ಲೈನ್‌ನಲ್ಲಿ ಮುಂದುವರಿಯಬಹುದಿತ್ತು. ಗಂಟಲು ದ್ರವ ಕೊಡುವುದಕ್ಕಿಂತ ಅದರ ಫಲಿತಾಂಶ ಪಾಸಿಟಿವ್ ಬಂದರೆ ಊರವರು ಏನೆನ್ನುತ್ತಾರೋ ಎಂಬ ಅಂಜಿಕೆಯೇ ಮಕ್ಕಳಿಗೆ ದೊಡ್ಡದಾಗಿತ್ತು. ವರದಿ ಬಂದವರ ಹೆಸರನ್ನು ಗುಂಪಿನಲ್ಲಿ ಹಾಕಬಾರದು, ನೋಟಿಸ್ ಬೋರ್ಡಿನಲ್ಲಿ ಅಂಟಿಸಬಾರದು, ಫಲಿತಾಂಶವನ್ನು ನೋಡಲ್ ಅಧಿಕಾರಿ ಮತ್ತು ಪ್ರಾಂಶುಪಾಲರು ಮಾತ್ರ ನೋಡಬೇಕು ಎಂದು ನಾವಾಗಿ ಒಂದು ನಿಯಮ ಸೇರಿಸಿಕೊಂಡ ಮೇಲೆ ಕೋವಿಡ್ ಪರೀಕ್ಷೆಗೆ ಬರುವವರು ಹೆಚ್ಚಿದರು.

ಗಡಿಯಾಚೆಯ ವಿದ್ಯಾರ್ಥಿಗಳದ್ದು ಇನ್ನೊಂದು ಸಂಗತಿ. ಮಾಕುಟ್ಟ, ಕುಟ್ಟ, ಕರಿಕೆಯ ಮೂಲಕ ಕೇರಳದಿಂದ ಓದಲು ಬರುವವರು ನಮ್ಮಲ್ಲಿ ಮೊದಲಿನಿಂದಲೂ ಇದ್ದಾರೆ. 2021ರ ಫೆಬ್ರುವರಿಯಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ನೆಗೆಟಿವ್ ವರದಿ ಕಡ್ಡಾಯವಾಯಿತು, ಓದು ಅಥವಾ ಕೆಲಸಕ್ಕಾಗಿ ನಿತ್ಯ ಓಡಾಡುವವರಿಗೆ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಸಾಕೆಂದಾಯಿತು. ಈ ವ್ಯತ್ಯಾಸ ಚೆಕ್‌ಪೋಸ್ಟಿನಲ್ಲಿ ನಿಂತವರಿಗೆ ಸದಾ ತಿಳಿದಿರುತ್ತಿರಲಿಲ್ಲ. ಕಾಲೇಜಿನ ಮೊಹರು, ವ್ಯಾಸಂಗದ ದೃಢೀಕರಣ, ಮುಂದಿನ ಕೋವಿಡ್ ಪರೀಕ್ಷೆಯ ದಿನಾಂಕ ಇರುವ ಒಂದು ಪತ್ರವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸಿ, ಅದರ ಬೆನ್ನಿಗೆ ಆದೇಶದ ಆ ಭಾಗವನ್ನು ಜೆರಾಕ್ಸ್ ಮಾಡಿ ಕೊಟ್ಟೆವು. ವಾದಿಸುವ ಬದಲು ಕಾಗದ ತೋರಿಸುವುದು ಮಕ್ಕಳಿಗೂ ಸುಲಭ, ಕರ್ತವ್ಯದಲ್ಲಿರುವ ಪೊಲೀಸರಿಗೂ ಸುಲಭ.

ಮಳೆಯ ವಿಚಾರವನ್ನು ಯಾವ ಮಾರ್ಗಸೂಚಿಯೂ ಯೋಚಿಸಿದಂತೆ ಕಾಣಲಿಲ್ಲ. ಕಿಟಕಿಗಳನ್ನು ತೆರೆದಿಡಿ ಎಂದು ಬರೆದವರಿಗೆ ಜೂನ್‌ನ ಗಾಳಿಮಳೆಯಲ್ಲಿ ಮಡಿಕೇರಿಯ ಕಿಟಕಿ ತೆರೆದರೆ ಬೆಂಚಿನ ಮೂರನೆಯ ಸಾಲಿನವರೆಗೂ ಎರಚಲು ಬರುತ್ತದೆಂಬುದು ಗೊತ್ತಿರಲಾರದು. ಗಾಳಿ ಬಡಿಯದ ಬದಿಯ ಕಿಟಕಿಗಳನ್ನು ಪೂರ್ತಿ ತೆರೆದು, ಬಾಗಿಲಿಗೆ ಕಲ್ಲು ಕೊಟ್ಟು, ಪ್ರತಿ ಅವಧಿಯ ಕೊನೆಯಲ್ಲಿ ಎಲ್ಲರನ್ನೂ ಮೊಗಸಾಲೆಗೆ ಕಳುಹಿಸಿ ಕೊಠಡಿಗೆ ಗಾಳಿಯಾಡಲು ಬಿಡುವುದು ನಾವು ಕಂಡುಕೊಂಡ ದಾರಿ. ಒದ್ದೆಯಾದ ಮಾಸ್ಕ್ ಪ್ರಯೋಜನಕ್ಕೆ ಬಾರದು, ಉಸಿರಾಟಕ್ಕೂ ಕಷ್ಟ; ಆದ್ದರಿಂದ ಬಸ್ಸಿನಿಂದ ಇಳಿದು ಬರುವವರು ಇನ್ನೊಂದು ಒಣ ಮಾಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತರಬೇಕೆಂದು ಸೂಚನೆಯಲ್ಲಿ ಸೇರಿಸಿದೆ. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಮಳೆಯಲ್ಲಿ ನೆನೆದು ಬಂದವರಿಗೆಲ್ಲ ಕಡಿಮೆ ಉಷ್ಣಾಂಶವನ್ನೇ ತೋರಿಸುತ್ತಿತ್ತು. ಜ್ವರವಿದ್ದವರನ್ನೂ ಅದು ಒಳಗೆ ಬಿಟ್ಟೀತು ಎಂದು, ಹಣೆ ಒರೆಸಿಕೊಂಡು ಸ್ವಲ್ಪ ಹೊತ್ತು ಒಳಗೆ ನಿಂತ ಮೇಲೆ ಅಳೆಯುವ ಕ್ರಮಕ್ಕೆ ಬದಲಾಯಿಸಿದೆವು.

ಆದರೆ ಇವೆಲ್ಲಕ್ಕಿಂತ ಬಿಗಿಯಾದ ಗಂಟು ಶೀತದ್ದು. ಲಕ್ಷಣವಿದ್ದರೆ ಮನೆಯಲ್ಲೇ ಇರಿ ಎಂಬುದು ಸರಿಯಾದ ಸೂಚನೆಯೇ, ಆದರೆ ಮಳೆಗಾಲದ ಕೊಡಗಿನಲ್ಲಿ ಮೂಗು ಸೋರದವರು ಯಾರು? ‘ಸರ್, ನೆಗಡಿ ಆದಾಗಲೆಲ್ಲ ಮನೆಯಲ್ಲೇ ಇದ್ದರೆ ನಾವು ಸೆಮಿಸ್ಟರ್ ಮುಗಿಸುವುದು ಯಾವಾಗ?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದು ನ್ಯಾಯವಾಗಿತ್ತು. ಸೂಚನೆ ಕಟ್ಟುನಿಟ್ಟಾದಷ್ಟೂ ಮಕ್ಕಳು ಲಕ್ಷಣವನ್ನು ಮುಚ್ಚಿಡುತ್ತಾರೆ. ಆದ್ದರಿಂದ ನಮ್ಮ ಪುಟದಲ್ಲಿ ಹೀಗೆ ಬರೆದೆ: ಜ್ವರ, ವಾಸನೆ ಅಥವಾ ರುಚಿ ತಿಳಿಯದಿರುವುದು, ಉಸಿರಾಟದ ತೊಂದರೆ, ಮನೆಯಲ್ಲಿ ಯಾರಿಗಾದರೂ ಪಾಸಿಟಿವ್ ಬಂದಿರುವುದು ಇವುಗಳಲ್ಲಿ ಒಂದಿದ್ದರೂ ಬರಕೂಡದು, ಕೂಡಲೇ ಪರೀಕ್ಷೆ ಮಾಡಿಸಬೇಕು. ಬರೀ ನೆಗಡಿ-ಕೆಮ್ಮು ಇದ್ದರೆ ಮನೆಯಿಂದ ಹೊರಡುವ ಮೊದಲು ಫೋನ್ ಮಾಡಬೇಕು, ಅಂದಿನ ಹಾಜರಾತಿ ಕಳೆಯುವುದಿಲ್ಲ, ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ಮರಳಬಹುದು. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಅವರು ಒಪ್ಪಿದ ಮೇಲೆ ಇದನ್ನು ಬರೆದದ್ದು. ‘ಫೋನ್ ಮಾಡಿದರೆ ಹಾಜರಾತಿ ಕಳೆಯುವುದಿಲ್ಲ’ ಎಂಬ ಮಾತನ್ನು ಪ್ರಾಂಶುಪಾಲರ ಸಹಿಯೊಂದಿಗೆ ಕೊಟ್ಟ ನಂತರವೇ ಮಕ್ಕಳು ನಿಜ ಹೇಳತೊಡಗಿದರು.

ಸಿಬ್ಬಂದಿಯ ಸೂಚನೆಗಳಲ್ಲಿ ‘ಎಲ್ಲ ನೌಕರರು’ ಎಂಬ ಪದ ಧಾರಾಳವಾಗಿ ಬರುತ್ತಿತ್ತು, ವಾಸ್ತವದಲ್ಲಿ ಎಲ್ಲರ ಸ್ಥಿತಿ ಒಂದೇ ಆಗಿರಲಿಲ್ಲ. ಕಾಯಂ ಅಧ್ಯಾಪಕರು ಮನೆಯಿಂದ ಪಾಠ ಮಾಡಬಹುದಿತ್ತು. ಕಚೇರಿಯವರು ಸಂಬಳದ ಬಿಲ್ಲು, ಟಪಾಲು, ವರ್ಗಾವಣೆ ಪತ್ರಗಳಿಗಾಗಿ ಬರಲೇಬೇಕಿತ್ತು. ಡಿ ದರ್ಜೆಯವರಿಗೆ ಮನೆಯಿಂದ ಮಾಡುವ ಕೆಲಸವೆಂಬುದೇ ಇಲ್ಲ. ಅತಿಥಿ ಉಪನ್ಯಾಸಕರಿಗಂತೂ ತರಗತಿ ನಡೆಯದಿದ್ದರೆ ಗೌರವಧನದ ಪ್ರಶ್ನೆ. ಪಾಳಿ ಪಟ್ಟಿಯನ್ನು ಬಸ್ಸಿನ ಅನುಕೂಲ ನೋಡಿ ಮಾಡಿದೆ, ಗರ್ಭಿಣಿಯರನ್ನೂ ಅಂಗವಿಕಲರನ್ನೂ ಅದರಿಂದ ಹೊರಗಿಟ್ಟೆ, ಅತಿಥಿ ಉಪನ್ಯಾಸಕರು ಕಳುಹಿಸಿದ ಪ್ರತಿ ಧ್ವನಿಪಾಠವನ್ನೂ ತಿದ್ದಿದ ಪ್ರತಿ ಅಸೈನ್‌ಮೆಂಟನ್ನೂ ದಿನಾಂಕದೊಂದಿಗೆ ದಾಖಲಿಸಿಟ್ಟೆ. ಆ ದಾಖಲೆಯೇ ಮುಂದೆ ಅವರ ಕಾರ್ಯಭಾರಕ್ಕೆ ಆಧಾರವಾಯಿತು. ಸ್ಯಾನಿಟೈಸರ್, ಕೈತೊಳೆಯುವ ನಲ್ಲಿ, ಬೆಂಚಿನ ಮೇಲಿನ ಗುರುತುಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ.

2021ರ ಎರಡನೆಯ ಅಲೆಯಲ್ಲಿ ಪುಟಗಳ ವಿಷಯವೇ ಬದಲಾಯಿತು. ಮನೆಯಲ್ಲಿರುವ ರೋಗಿಯನ್ನು ನೋಡಿಕೊಳ್ಳುವುದು ಹೇಗೆ ಎಂದು ವಿದ್ಯಾರ್ಥಿಗಳೇ ಕೇಳುತ್ತಿದ್ದರು. ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ ಕಾಯಬಾರದು, ಆಸ್ಪತ್ರೆಗೆ ತಿಳಿಸಬೇಕು ಎಂಬುದರೊಂದಿಗೆ, ಆಕ್ಸಿಮೀಟರಿಗೆ ತಣ್ಣಗಿನ ಬೆರಳು ಇಟ್ಟರೆ ಅಳತೆ ತಪ್ಪುತ್ತದೆ, ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಉಗುರಿನ ಬಣ್ಣ ತೆಗೆದು ನೋಡಬೇಕು ಎಂದೂ ಬರೆದೆ. ಜುಲೈ 26ರಂದು ಕಾಲೇಜುಗಳು ತೆರೆಯುವಾಗ ಕನಿಷ್ಠ ಒಂದು ಡೋಸ್ ಲಸಿಕೆ ಬೇಕಿತ್ತು. ಕೋವಿಶೀಲ್ಡ್‌ಗೆ 12ರಿಂದ 16 ವಾರ, ಕೋವ್ಯಾಕ್ಸಿನ್‌ಗೆ 4 ವಾರದ ಅಂತರವೆಂಬುದು ಹಲವರಿಗೆ ಗೊಂದಲವಾಗಿದ್ದರಿಂದ, ಪ್ರತಿಯೊಬ್ಬರ ಎರಡನೆಯ ಡೋಸಿನ ದಿನವನ್ನು ತರಗತಿ ಶಿಕ್ಷಕರು ಲೆಕ್ಕ ಹಾಕಿ ನೆನಪಿಸುವ ವ್ಯವಸ್ಥೆಯಾಯಿತು.

2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೇಂದ್ರದ ನಿರ್ಬಂಧಗಳು ಮುಗಿದವು. ಆ ವೇಳೆಗೆ ನನ್ನ ಕಪಾಟಿನಲ್ಲಿ ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಿರುವ ಲಸಿಕೆ ಪ್ರಮಾಣಪತ್ರಗಳು, ಪರೀಕ್ಷಾ ವರದಿಗಳು, ಒಪ್ಪಿಗೆ ಪತ್ರಗಳು ತುಂಬಿದ್ದವು. ಹಾಜರಾತಿಗೂ ಗೌರವಧನಕ್ಕೂ ಸಂಬಂಧಿಸಿದ ದಾಖಲೆಗಳನ್ನು ಕಚೇರಿಗೆ ಪಟ್ಟಿ ಸಮೇತ ಒಪ್ಪಿಸಿದೆ. ಆರೋಗ್ಯದ ಕಾಗದಗಳನ್ನು ಗುಜರಿಗೆ ಹಾಕಲು ಬಿಡದೆ, ಕೇಳಿದವರಿಗೆ ಅವರವರದ್ದನ್ನು ಹಿಂದಿರುಗಿಸಿ, ಉಳಿದವನ್ನು ಪ್ರಾಂಶುಪಾಲರ ಲಿಖಿತ ಅನುಮತಿ ಪಡೆದು ಸುಟ್ಟೆವು. ಫೋನಿನಲ್ಲಿದ್ದ ಚಿತ್ರಗಳನ್ನೂ ಎಲ್ಲ ಅಧ್ಯಾಪಕರು ಅಳಿಸಿದರೆಂದು ಸಹಿ ಪಡೆದುಕೊಂಡೆ.