ಒಂದು ನೋಟಕ್ಕೆ ಸಿಗಬೇಕಾದ್ದು ಪರದೆಯ ಮೇಲೇ ಇರಲಿ

ಕಂಪ್ಯೂಟರ್ ಪರದೆಗೆ ವಿಜೆಟ್‌ಗಳನ್ನು, ಅಂದರೆ ಗಂಟೆ, ಹವಾಮಾನದಂಥ ಒಂದೊಂದೇ ಸಂಗತಿ ತೋರಿಸುವ ಪುಟ್ಟ ಚೌಕಗಳನ್ನು, ಜೋಡಿಸಿಕೊಳ್ಳುವ ಮೊದಲ ಹಂತಕ್ಕೆ ಒಂದು ಚೀಟಿ, ಒಂದು ಪೆನ್ನು ಸಾಕು. ಚೀಟಿಯನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಳ್ಳಿ. ಮಾಡುತ್ತಿರುವ ಕೆಲಸ ಬಿಟ್ಟು ಏನೋ ಸಣ್ಣದೊಂದನ್ನು ನೋಡಲು ಹೋದಾಗಲೆಲ್ಲ ಒಂದು ಗೀರು ಎಳೆದು, ಯಾಕೆ ಹೋದಿರಿ ಎಂದು ಎರಡೇ ಪದದಲ್ಲಿ ಬರೆಯಿರಿ. ನಾನು ಹೀಗೆ ಮಾಡಿದ ದಿನ ಸಂಜೆ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಗೀರುಗಳಾಗಿದ್ದವು. ಕಾರಣ ಮಾತ್ರ ನಾಲ್ಕೇ: ತಂಗಿ ಇರುವ ಡಲ್ಲಾಸ್‌ನಲ್ಲಿ ಈಗ ಗಂಟೆ ಎಷ್ಟು, ಮಳೆ ಬರುತ್ತದೆಯೇ, ಇವತ್ತು ಇನ್ನೇನು ಬಾಕಿ ಇದೆ, ಒಂದು ಚಿಕ್ಕ ಕೂಡುವ ಲೆಕ್ಕ. ಮಳೆ ನೋಡಲು ಬ್ರೌಸರ್ ತೆರೆದವಳು ಕಾಲು ಗಂಟೆ ಬೇರೇನೋ ಓದುತ್ತಾ ಕೂತದ್ದೂ ಅದರಲ್ಲಿ ಸೇರಿತ್ತು. ವಿಜೆಟ್ ಬೇಕಾಗುವುದು ಇಂಥ ಕಡೆ. ಉತ್ತರ ಒಂದು ಸಾಲಿನದಾದರೆ ಅದಕ್ಕಾಗಿ ಇಡೀ ಆ್ಯಪ್ ತೆರೆಯಬೇಕಿಲ್ಲ.

ಈ ಯೋಚನೆ ಹೊಸದಲ್ಲ. ಆ್ಯಪಲ್‌ನ 1984ರ ಮೊದಲ ಮೆಕಿಂತೋಷ್ (ಮ್ಯಾಕ್) ಕಂಪ್ಯೂಟರಿನಲ್ಲಿ ಇದ್ದದ್ದು 128 ಕಿಲೋಬೈಟ್ ಮೆಮೊರಿ. ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಯುತ್ತಿತ್ತು. ಆದರೂ ಗಡಿಯಾರ, ಕ್ಯಾಲ್ಕ್ಯುಲೇಟರ್, ಟಿಪ್ಪಣಿ ಪುಸ್ತಕಗಳನ್ನು ಕೆಲಸ ನಿಲ್ಲಿಸದೆ ಅದರ ಮೇಲೇ ತೆರೆಯಬಹುದಿತ್ತು. ಅವನ್ನು ‘ಡೆಸ್ಕ್ ಆ್ಯಕ್ಸೆಸರಿ’ ಎಂದು ಕರೆದರು.

ಈಗ ವಿಂಡೋಸ್ 11ಕ್ಕೆ ಬರೋಣ. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಜೊತೆಗೆ ಡಬ್ಲ್ಯೂ ಒತ್ತಿ. ಪರದೆಯ ಬದಿಯಿಂದ ಒಂದು ಫಲಕ ಸರಿದು ಬರುತ್ತದೆ. ಮೇಲಿರುವ ಪ್ಲಸ್ ಗುರುತನ್ನು ಒತ್ತಿದರೆ ಲಭ್ಯವಿರುವ ವಿಜೆಟ್‌ಗಳ ಪಟ್ಟಿ ಕಾಣುತ್ತದೆ. ನಿಮ್ಮ ಚೀಟಿ ಹೇಳಿದ್ದನ್ನು ಮಾತ್ರ ಆರಿಸಿ. ನನ್ನ ಮಟ್ಟಿಗೆ ಅದು ಹವಾಮಾನ ಮತ್ತು ಬಾಕಿ ಕೆಲಸಗಳ ‘ಟು ಡೂ’ ಪಟ್ಟಿ. ಮುಗಿದ ಕೆಲಸಕ್ಕೆ ಫಲಕದಲ್ಲೇ ಟಿಕ್ ಹಾಕಬಹುದು. ಪ್ರತಿ ವಿಜೆಟ್‌ನ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿದರೆ ಗಾತ್ರ ಬದಲಿಸಬಹುದು. ಹವಾಮಾನಕ್ಕೆ ಅಲ್ಲೇ ನಿಮ್ಮ ಊರನ್ನೂ ಕೊಡಿ, ಇಲ್ಲವಾದರೆ ಶಿರಸಿಯಲ್ಲಿ ಕೂತವರು ಬೆಂಗಳೂರಿನ ಮಳೆ ನೋಡುವಂತಾಗುತ್ತದೆ.

ಮುಂದಿನ ಹಂತವನ್ನು ದಯವಿಟ್ಟು ಬಿಡಬೇಡಿ. ಅದೇ ಫಲಕದಲ್ಲಿ ಸುದ್ದಿಗಳ ಸಾಲೂ ಇರುತ್ತದೆ. ಸಮಯ ಉಳಿಸಲು ತೆರೆದ ಫಲಕವೇ ಸಮಯ ತಿನ್ನುವುದು ಇದರಿಂದ. ಫಲಕದ ಸೆಟ್ಟಿಂಗ್ಸ್‌ಗೆ ಹೋಗಿ ಸುದ್ದಿಯ ಫೀಡ್ ಮರೆಮಾಡಿ. ಮೌಸ್ ತಾಗಿದಾಗಲೆಲ್ಲ ಫಲಕ ತಾನಾಗಿ ತೆರೆದುಕೊಳ್ಳುವ ಆಯ್ಕೆಯನ್ನೂ ಅಲ್ಲೇ ಆಫ್ ಮಾಡಿಬಿಡಿ. ನೀವು ಕರೆದಾಗ ಮಾತ್ರ ಅದು ಬರಬೇಕು.

ಉಳಿದ ಎರಡಕ್ಕೆ ಈ ಫಲಕವೂ ಬೇಡ. ಲೆಕ್ಕಕ್ಕೆ ವಿಂಡೋಸ್‌ನ ಕ್ಯಾಲ್ಕ್ಯುಲೇಟರನ್ನು ಸ್ಟ್ಯಾಂಡರ್ಡ್ ಮೋಡ್‌ನಲ್ಲಿ ತೆರೆದು ಆಲ್ಟ್ ಹಾಗೂ ಮೇಲಿನ ಬಾಣದ ಕೀ ಒಟ್ಟಿಗೆ ಒತ್ತಿ. ಅದು ಪುಟ್ಟದಾಗಿ, ಬೇರೆ ಎಲ್ಲ ಕಿಟಕಿಗಳ ಮೇಲೇ ನಿಲ್ಲುತ್ತದೆ. ಆಲ್ಟ್ ಜೊತೆ ಕೆಳಗಿನ ಬಾಣ ಒತ್ತಿದರೆ ಮೊದಲಿನಂತೆ.

ಪರದೇಶದ ಗಂಟೆಗೆ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಡೇಟ್ ಆ್ಯಂಡ್ ಟೈಮ್’, ಕೊನೆಗೆ ‘ಅಡಿಷನಲ್ ಕ್ಲಾಕ್ಸ್’. ಇಲ್ಲಿ ಎರಡು ಊರುಗಳ ಗಡಿಯಾರ ಸೇರಿಸಿ ಹೆಸರು ಕೊಡಬಹುದು. ಟಾಸ್ಕ್‌ಬಾರ್‌ನ ಗಡಿಯಾರದ ಮೇಲೆ ಮೌಸ್ ಇಟ್ಟರೆ ಸಾಕು, ಕಾಣುತ್ತದೆ. ಮಕ್ಕಳು, ಒಡಹುಟ್ಟಿದವರು ಅಮೆರಿಕದಲ್ಲಿರುವ ಮನೆಗಳಲ್ಲಿ ಇದನ್ನು ಮೊದಲು ಮಾಡಿಡಬೇಕು ಎನ್ನುವವಳು ನಾನು. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಡಲ್ಲಾಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಉಳಿದ ಕಾಲ ಹನ್ನೊಂದೂವರೆ. ಬೆರಳೆಣಿಸಿ ಲೆಕ್ಕ ಹಾಕುವವರು ನವೆಂಬರ್‌ನಲ್ಲಿ ಒಂದು ಗಂಟೆ ತಪ್ಪಿ, ಮಲಗಿರುವವರನ್ನು ಎಬ್ಬಿಸುತ್ತಾರೆ. ಈ ಗಡಿಯಾರ ತಾನೇ ಸರಿಹೊಂದಿಕೊಳ್ಳುತ್ತದೆ.

ಮ್ಯಾಕ್ ಬಳಸುವವರಿಗೆ ಕೆಲಸ ಇನ್ನೂ ಸುಲಭ. 2023ರಲ್ಲಿ ಬಂದ ಸೋನೋಮಾ ಆವೃತ್ತಿಯಿಂದ ವಿಜೆಟ್‌ಗಳನ್ನು ಡೆಸ್ಕ್‌ಟಾಪ್ ಮೇಲೇ ಇಡಬಹುದು. ಖಾಲಿ ಜಾಗದಲ್ಲಿ ಕಂಟ್ರೋಲ್ ಕೀ ಹಿಡಿದು ಕ್ಲಿಕ್ ಮಾಡಿ, ‘ಎಡಿಟ್ ವಿಜೆಟ್ಸ್’ ಆರಿಸಿ, ಬೇಕಾದ್ದನ್ನು ಎಳೆದು ತಂದಿಡಿ. ಬೇರೆ ಕಿಟಕಿಯಲ್ಲಿ ಕೆಲಸ ಮಾಡುವಾಗ ಅವು ಬಣ್ಣ ಕಳೆದುಕೊಂಡು ಹಿನ್ನೆಲೆಗೆ ಸರಿಯುತ್ತವೆ. ಕಣ್ಣಿಗೆ ಇದು ನಿಜಕ್ಕೂ ಹಿತ. ಲಿನಕ್ಸ್ ಬಳಸುವವರಿಗೆ ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆಯಲ್ಲೂ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್ ಮೋಡ್‌ಗೆ ಹೋದರೆ ವಿಜೆಟ್ ಸೇರಿಸುವ ದಾರಿ ಸಿಗುತ್ತದೆ.

ಇನ್ನು ಒಂದು ಎಚ್ಚರಿಕೆ. ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7 ಕಾಲದಲ್ಲಿ ವಿಜೆಟ್‌ಗಳಂತೆಯೇ ಇದ್ದ ‘ಗ್ಯಾಡ್ಜೆಟ್’ಗಳು ಅನೇಕರಿಗೆ ಇಂದಿಗೂ ಅಚ್ಚುಮೆಚ್ಚು. ದುಂಡು ಗಡಿಯಾರ ಪರದೆಯ ಬಲಕ್ಕೆ ತೂಗುತ್ತಿದ್ದುದು ನೆನಪಿರಬಹುದು. ಅವು ಬಳಕೆದಾರರಿಗಿರುವ ಎಲ್ಲ ಅಧಿಕಾರದೊಂದಿಗೇ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದವು. ದುರುದ್ದೇಶದಿಂದ ಮಾಡಿದ ಗ್ಯಾಡ್ಜೆಟ್ ಒಂದು ಹೊಕ್ಕರೆ ಇಡೀ ಯಂತ್ರ ಬೇರೆಯವರ ಕೈಸೇರಬಹುದಿತ್ತು. 2012ರ ಜುಲೈನಲ್ಲಿ ಮೈಕ್ರೋಸಾಫ್ಟ್ ತಾನೇ ಅವನ್ನು ನಿಷ್ಕ್ರಿಯಗೊಳಿಸಲು ಸೂಚಿಸಿತು. ವಿಂಡೋಸ್ 8ರಲ್ಲಿ ಅವು ಇರಲೇ ಇಲ್ಲ. ಹಳೆಯ ಗ್ಯಾಡ್ಜೆಟ್‌ಗಳನ್ನು ಮತ್ತೆ ತಂದುಕೊಡುತ್ತೇವೆಂದು ಹೇಳುವ ಫೈಲುಗಳು ಕಂಡರೆ ಡೌನ್‌ಲೋಡ್ ಮಾಡಬೇಡಿ. ಮೊದಲೇ ಹಾಕಿಕೊಂಡಿದ್ದರೆ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಗೆ ಹೋಗಿ ಇವತ್ತೇ ತೆಗೆದುಹಾಕಿ.